ಶನಿವಾರ ರಾತ್ರಿ ಒಂಬತ್ತರ ಜಗಲಿ

ಶನಿವಾರ ರಾತ್ರಿ ಒಂಬತ್ತಕ್ಕೆ ಟಿವಿಯಲ್ಲಿ ಬಣ್ಣದ ದೀಪಗಳು ಝಗ್ಗನೆ ಹೊತ್ತಿಕೊಂಡು, ನಿರೂಪಕಿ ಕೈ ಬೀಸುತ್ತ ಓಡಿಬಂದು, ತೀರ್ಪುಗಾರರು ಕುರ್ಚಿಯಿಂದೆದ್ದು ಕುಣಿಯತೊಡಗಿದರೆಂದರೆ ನಮ್ಮ ಮಾವ ಕವಳದ (ಎಲೆಅಡಿಕೆಯ) ಬಟ್ಟಲು ಎತ್ತಿಕೊಂಡು ಅಂಗಳಕ್ಕೆ ಇಳಿಯುತ್ತಾರೆ. ಅವರಿಗೆ ಟಿವಿಯೇ ಆಗದು ಎಂದೇನೂ ಇಲ್ಲ. ವಾರ್ತೆ ನೋಡುತ್ತಾರೆ, ಕ್ರಿಕೆಟ್ ನೋಡುತ್ತಾರೆ, ಹಳೆಯ ಕಪ್ಪುಬಿಳುಪು ಸಿನಿಮಾ ಬಂದರೆ ನಡುವಿನ ಜಾಹೀರಾತುಗಳನ್ನೂ ಬಿಡದೆ ನೋಡುತ್ತಾರೆ. ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ಮಳೆಗಾಲದ ತಾಳಮದ್ದಳೆಗಳಲ್ಲಿ ನಡುರಾತ್ರಿ ಎರಡು ಗಂಟೆಯವರೆಗೂ ಗೋಡೆಗೆ ಒರಗದೆ ಕೂರುವ ಮನುಷ್ಯ. ಎದ್ದು ಹೋಗುವುದು ವಾರಾಂತ್ಯದ ಈ ದೊಡ್ಡ ಶೋಗಳಿಗೆ ಮಾತ್ರ. ಯಾಕೆಂದು ಒಮ್ಮೆ ಕೇಳಿದೆ. “ಒಂದು ಸಲ ಅತ್ತಿದ್ದನ್ನು ಮೂರು ಸಲ ತೋರಿಸುತ್ತಾರೆ ತಂಗಿ. ನನಗೆ ಮೊದಲನೇ ಸಲವೇ ಅರ್ಥವಾಗುತ್ತದೆ” ಎಂದರು.

ಅಂದಿನಿಂದ ನನಗೊಂದು ಗೀಳು ಹತ್ತಿಕೊಂಡಿದೆ. ಟಿವಿ ಹಾಕಿದಾಗ ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಕಣ್ಣು ಜಗಲಿಯಲ್ಲಿ ಕೂತವರ ಮೇಲೆ. ಯಾವುದಕ್ಕೆ ಯಾರು ಕೂರುತ್ತಾರೆ, ಯಾವಾಗ ಮೊಬೈಲು ಹೊರಗೆ ಬರುತ್ತದೆ, ಅಡುಗೆಮನೆಯಲ್ಲಿದ್ದವರು ಯಾವ ಸದ್ದಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಲ್ಲುತ್ತಾರೆ. ವಾರಾಂತ್ಯದ ಸಂಜೆಗೆ ಒಳ್ಳೆಯ ಟಿವಿ ಎಂದರೆ ಏನು ಎಂಬುದಕ್ಕೆ ಉತ್ತರ ಸಿಗುವುದಾದರೆ ಹೀಗೆ ಕೂರುವ, ಏಳುವ, ಬಂದು ನಿಲ್ಲುವ ಜನರಲ್ಲೇ ಸಿಗಬೇಕು ಎಂದು ನನ್ನ ಅಂದಾಜು.

ನೆಂಟರು ಬರುವ ದಿನ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ವಾರಾಂತ್ಯಕ್ಕೆ ಈಗೊಂದು ಬೇರೆಯೇ ಅರ್ಥ ಬಂದಿದೆ. ಸೋಮವಾರದಿಂದ ಶುಕ್ರವಾರದವರೆಗೆ ಎಷ್ಟೋ ಮನೆಗಳಲ್ಲಿ ಇರುವುದು ಇಬ್ಬರೇ ಹಿರಿಯರು. ಕೊಯ್ಲಿನ ಕಾಲವಾದರೆ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬಂದು ಹೋದಾನು, ಇಲ್ಲವಾದರೆ ಮಾತಿಗೆ ಸಿಗುವುದು ನಾಯಿ ಮತ್ತು ಟಿವಿ. ಶನಿವಾರ ಬೆಳಿಗ್ಗೆ ಬೆಂಗಳೂರಿನ ರಾತ್ರಿ ಬಸ್ಸುಗಳು ಬಂದು ನಿಂತ ಮೇಲೆ ಮನೆ ಒಮ್ಮೆಲೇ ತುಂಬುತ್ತದೆ. ಮೈದುನ, ಓರಗಿತ್ತಿ, ಅವರ ಮಗಳು, ಜೊತೆಗೆ ಹಬ್ಬವಿದ್ದರೆ ಹುಬ್ಬಳ್ಳಿಯ ನಾದಿನಿಯ ಸಂಸಾರ. ಸಂಜೆಗೆ ಘಟ್ಟದ ಕೆಳಗಿನಿಂದ ನನ್ನ ತಮ್ಮನೂ ಬರುವುದುಂಟು.

ಇಂಥ ಜಗಲಿಯಲ್ಲಿ ಧಾರಾವಾಹಿ ನಡೆಯುವುದಿಲ್ಲ. ಅತ್ತೆಗೆ ವಾರವಿಡೀ ಜೀವವೇ ಆಗಿದ್ದ ಕಥೆ ಶನಿವಾರ ಮಹಾಸಂಚಿಕೆಯಾಗಿ ಬಂದರೆ, “ಇವಳು ಯಾರು? ಸತ್ತುಹೋಗಿದ್ದಳಲ್ಲ?” ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲೇ ಅವರ ಅರ್ಧ ಹೊತ್ತು ಹೋಗುತ್ತದೆ, ಕೇಳಿದವರಿಗೂ ಉತ್ತರ ಬೇಕಿರುವುದಿಲ್ಲ. ದಿನದ ಧಾರಾವಾಹಿ ದಿನವೂ ಇರುವವರಿಗಾಗಿ ಮಾಡಿದ್ದು. ವಾರಾಂತ್ಯದ ಕಾರ್ಯಕ್ರಮ ಆಗಷ್ಟೇ ಕಾಲು ತೊಳೆದು ಒಳಗೆ ಬಂದವರನ್ನೂ ಐದು ನಿಮಿಷದೊಳಗೆ ತನ್ನೊಳಗೆ ಕರೆದುಕೊಳ್ಳಬೇಕು. ಇದು ನನ್ನ ಮೊದಲ ಪರೀಕ್ಷೆ.

ದೂರದರ್ಶನದ ಕಾಲದಲ್ಲಿ ಈ ಕೆಲಸವನ್ನು ಸಿನಿಮಾ ಮಾಡುತ್ತಿತ್ತು. ಅಂಕೋಲೆಯ ನನ್ನ ತವರುಮನೆಯಲ್ಲಿ ವಾರಕ್ಕೊಂದು ಕನ್ನಡ ಸಿನಿಮಾ, ಭಾನುವಾರ ಸಂಜೆಯ ಹಿಂದಿ ಸಿನಿಮಾ ಎರಡಕ್ಕೂ ಬೀದಿಯವರು ಬಂದು ಕೂರುತ್ತಿದ್ದರು. ಕಥೆ ಅಲ್ಲೇ ಶುರು, ಅಲ್ಲೇ ಮುಕ್ತಾಯ. ನಡುವೆ ವಾರ್ತೆ ಬರುತ್ತಿತ್ತು. ಆ ಹೊತ್ತಿನಲ್ಲಿ ಆಯಿ (ನನ್ನ ಅಮ್ಮ) ಒಲೆಯ ಮೇಲಿದ್ದದ್ದನ್ನು ಇಳಿಸಿ ಬರುತ್ತಿದ್ದರು, ಮಕ್ಕಳು ಮುಂದೇನಾಗಬಹುದೆಂದು ಜಗಳವಾಡುತ್ತಿದ್ದವು. 1994ರಲ್ಲಿ ಉದಯ ಟಿವಿ, 2000ದ ಕೊನೆಯಲ್ಲಿ ಈಟಿವಿ ಕನ್ನಡ ಬಂದ ಮೇಲೆ ಸಿನಿಮಾ ದಿನದ ಯಾವ ಹೊತ್ತಿಗೂ ಸಿಗುವ ಸಾಮಾನಾಯಿತು. ಹೊತ್ತಲ್ಲದ ಹೊತ್ತಿಗೂ ಸಿಗುವುದಕ್ಕೆ ಶನಿವಾರದವರೆಗೆ ಯಾರು ಕಾಯುತ್ತಾರೆ? ಹಾಗಾಗಿ ವಾಹಿನಿಗಳು ವಾರಾಂತ್ಯವನ್ನು ಸ್ಟುಡಿಯೋದಲ್ಲಿ ಹೊಸದಾಗಿ ಕಟ್ಟಬೇಕಾಯಿತು: ಹಾಡಿನ ಸ್ಪರ್ಧೆ, 2012ರ ಕನ್ನಡದ ಕೋಟ್ಯಧಿಪತಿ, 2013ರ ಬಿಗ್ ಬಾಸ್, 2014ರ ವೀಕೆಂಡ್ ವಿತ್ ರಮೇಶ್, ಅದಾದ ಮೇಲೆ ಹಾಸ್ಯದ ಶೋಗಳು, ಮಕ್ಕಳ ನಾಟಕದ ಶೋಗಳು. ಇವುಗಳಲ್ಲಿ ಯಾವುದಕ್ಕೂ ಹಿಂದಿನ ಕಥೆ ಗೊತ್ತಿರಬೇಕಾಗಿಲ್ಲ. ಮೊದಲ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಪಾಸು. (ಬಿಗ್ ಬಾಸ್ ಬಗ್ಗೆ ನನಗೆ ಸಂಶಯವಿದೆ. ವಾರವಿಡೀ ನೋಡಿರದವರಿಗೆ ಸುದೀಪ್ ಅವರು ಯಾರನ್ನು ಯಾಕೆ ತರಾಟೆಗೆ ತೆಗೆದುಕೊಳ್ಳುತ್ತಿದ್ದಾರೆಂದು ತಿಳಿಯುವುದಿಲ್ಲ. ಆದರೂ ಬೈಸಿಕೊಳ್ಳುವವರ ಮುಖ ನೋಡುವುದಕ್ಕೆ ಪೂರ್ವಕಥೆ ಬೇಕಿಲ್ಲವೆಂದು ಕಾಣುತ್ತದೆ; ಓರಗಿತ್ತಿ ಕಣ್ಣು ಮಿಟುಕಿಸದೆ ನೋಡುತ್ತಾಳೆ.)

ಹಾಗಾದರೆ ಮಾವ ಎದ್ದು ಹೋಗುವುದೇಕೆ?

ವಾಲಿ ಸಾಯುವುದು ಎಲ್ಲರಿಗೂ ಗೊತ್ತು

ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ಪಕ್ಕದ ಊರಿನ ದೇವಸ್ಥಾನದಲ್ಲಿ ತಾಳಮದ್ದಳೆಯಿತ್ತು. ಮಳೆ ಹೊಡೆಯುತ್ತಿತ್ತು, ತಗಡಿನ ಮಾಡಿನ ಸದ್ದಿಗೆ ಮದ್ದಳೆ ಕೇಳಿಸಿದರೆ ಭಾಗವತರ ಪದ ಕೇಳಿಸದು, ಪದ ಕೇಳಿಸಿದರೆ ಅರ್ಥ, ಎಂದರೆ ಪಾತ್ರಧಾರಿಗಳ ಮಾತು, ಕೇಳಿಸದು. ಪ್ರಸಂಗ ವಾಲಿವಧೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದ ನಾಲ್ಕೈದು ಜನ ಚಾಪೆಯ ಮೇಲೆ ಎದುರುಬದುರು ಕೂತು ಮಾತಾಡುತ್ತಾರೆ, ಅಷ್ಟೇ. ವಾಲಿಯ ಅರ್ಥ ಹೇಳುತ್ತಿದ್ದವರು ಹಗಲು ಹೊತ್ತಿನಲ್ಲಿ ಶಾಲೆಯ ಮೇಷ್ಟರು. ಬಾಣ ನಾಟಿದ ಮೇಲೆ ಅವರು ರಾಮನನ್ನು ಪ್ರಶ್ನಿಸಲು ಶುರುಮಾಡಿದರು. ಮರೆಯಲ್ಲಿ ನಿಂತದ್ದೇಕೆ? ನಾನು ಮೃಗವಾದರೆ ನಿನ್ನ ಧರ್ಮಶಾಸ್ತ್ರ ನನಗೇಕೆ, ಮನುಷ್ಯನಾದರೆ ಬೇಟೆಯ ನ್ಯಾಯವೇಕೆ? ರಾಮನ ಅರ್ಥಧಾರಿ ಅನುಭವಿ, ಒಂದೊಂದಕ್ಕೂ ತಣ್ಣಗೆ ಉತ್ತರ ಕೊಟ್ಟರು. ಒಂದು ಹಂತದಲ್ಲಿ ಮಾತ್ರ, ಮೇಷ್ಟರು ತಾರೆಯ ಕಡೆಯಿಂದ ಎತ್ತಿದ ಒಂದು ಪ್ರಶ್ನೆಗೆ, ರಾಮ ಸ್ವಲ್ಪ ತಡೆದರು. ಎರಡು ಕ್ಷಣವಿದ್ದೀತು. ಸಭೆಯಲ್ಲಿ ಕೂತಿದ್ದ ಅಷ್ಟೂ ಜನ ಮುಂದಕ್ಕೆ ಬಾಗಿದರು. ಹಿಂದಿನ ಸಾಲಿನ ಮುದುಕಿಯೊಬ್ಬರು, “ಹೇಳು, ಈಗ ಹೇಳು!” ಎಂದು ದೇವರಿಗೇ ಗದರಿದರು.

ವಾಲಿ ಸಾಯುತ್ತಾನೆ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ರಾಮ ದೇವರು, ಅವನು ಸೋಲುವುದಿಲ್ಲ ಎಂದೂ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ, ಆ ರಾತ್ರಿ ಆ ಇಬ್ಬರ ಬಾಯಲ್ಲಿ ಏನು ಬರುತ್ತದೆ ಎಂಬುದು. ಆ ಇಬ್ಬರಿಗೂ ಅದು ಪೂರ್ತಿ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ದೋಸೆಯ ಹೊತ್ತಿನಲ್ಲಿ ಮನೆಯವರೆಲ್ಲ ವಾಲಿಯ ವಕೀಲರು, ರಾಮನ ವಕೀಲರು ಎಂದು ಎರಡು ಪಾಳೆಯವಾದರು. ಮಾವ ವಾಲಿಯ ಕಡೆ. ಅತ್ತೆ ರಾಮನ ಕಡೆ, ಆದರೆ ರಾಮ ಇನ್ನೂ ಚೆನ್ನಾಗಿ ಮಾತಾಡಬಹುದಿತ್ತು ಎಂಬ ತಕರಾರಿನೊಂದಿಗೆ.

ಒಳ್ಳೆಯ ವಾರಾಂತ್ಯದ ಟಿವಿಗೂ ಬೇಕಾದದ್ದು ಇಷ್ಟೇ ಎಂದು ನನಗೆ ತೋರುತ್ತದೆ. ಎಲ್ಲರಿಗೂ ಮೊದಲೇ ಗೊತ್ತಿರುವ ಒಂದು ಪ್ರಸಂಗ, ಅದರೊಳಗೆ ಯಾರಿಗೂ ಗೊತ್ತಿಲ್ಲದ ಒಂದು ಗಳಿಗೆ. ನಮ್ಮ ಶೋಗಳು ಇದನ್ನು ತಲೆಕೆಳಗು ಮಾಡುತ್ತವೆ. ಯಾರು ಹೊರಗೆ ಹೋಗುತ್ತಾರೆ, ಯಾರು ಗೆಲ್ಲುತ್ತಾರೆ ಎಂಬುದನ್ನು ಗುಟ್ಟಾಗಿಡಲು ಹೆಣಗುತ್ತವೆ. ಆದರೆ ವೇದಿಕೆಯ ಮೇಲೆ ಬರುವ ಮಾತು, ನಗು, ಕಣ್ಣೀರು ಪ್ರತಿಯೊಂದೂ ಮೊದಲೇ ಗೊತ್ತಿರುವಂತೆ ಬರೆದಿಟ್ಟದ್ದು.

ಈ ಲೆಕ್ಕಕ್ಕೆ ನನಗೆ ನೆನಪಾಗುವ ಅತ್ಯುತ್ತಮ ಕಾರ್ಯಕ್ರಮ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ಎದೆ ತುಂಬಿ ಹಾಡುವೆನು. ಅಂಕೋಲೆಯಲ್ಲಿ ಆಯಿಯ ಜೊತೆ ನೋಡುತ್ತಿದ್ದೆ. ಹಾಡುವವರು ಬಹುಪಾಲು ಸಣ್ಣ ಊರಿನ ಮಕ್ಕಳು, ಹಾಡುವ ಹಾಡುಗಳು ರೇಡಿಯೋದಲ್ಲಿ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದ್ದವು. ಹಾಡು ಮುಗಿದ ಮೇಲೆ ಎಸ್‌ಪಿಬಿ ಅದನ್ನು ಬರೆದವರನ್ನು, ರಾಗ ಹಾಕಿದವರನ್ನು ನೆನೆಯುತ್ತಿದ್ದರು. ತಾನು ಅದನ್ನು ಹಾಡಿದ ದಿನ ಏನಾಯಿತೆಂದು ಹೇಳುತ್ತಿದ್ದರು. ಮಗು ಎಲ್ಲಿ ಉಸಿರು ತಪ್ಪಿತೋ ಆ ಸಾಲನ್ನು ತಾವೇ ಮೆಲ್ಲಗೆ ಹಾಡಿ ತೋರಿಸುತ್ತಿದ್ದರು. ಆಯಿಗೆ ಸಂಗೀತದ ಶಾಸ್ತ್ರ ಬಾರದು. ಆದರೂ, “ಅಲ್ಲಿ ಎಳೆಯಬಾರದಿತ್ತು” ಎಂದು ಅವರು ಮೊದಲು ಹೇಳಿ, ಆಮೇಲೆ ಎಸ್‌ಪಿಬಿ ಅದೇ ಜಾಗದ ಬಗ್ಗೆ ಹೇಳಿದರೆ, ಆ ರಾತ್ರಿ ನಮ್ಮ ಮನೆಯಲ್ಲಿ ಆಯಿಯನ್ನು ಹಿಡಿಯುವವರೇ ಇರುತ್ತಿರಲಿಲ್ಲ. ಗೊತ್ತಿದ್ದ ಹಾಡಿನೊಳಗೆ ಗೊತ್ತಿಲ್ಲದ ಒಂದು ಬಾಗಿಲು ತೆರೆಯುತ್ತಿತ್ತು, ಅದನ್ನು ತೆರೆಯುವುದರಲ್ಲಿ ನೋಡುವವರಿಗೂ ಪಾಲು ಸಿಗುತ್ತಿತ್ತು. ಎಸ್‌ಪಿಬಿ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹಾಡಿನ ಸ್ಪರ್ಧೆಗಳು ಈಗಲೂ ಇವೆ, ಇಂದಿನ ಮಕ್ಕಳು ಬಹುಶಃ ಇನ್ನೂ ಚೆನ್ನಾಗಿಯೇ ಹಾಡುತ್ತಾರೆ. ಆದರೆ ಹಾಡು ಮುಗಿದ ಮೇಲೆ ಹಾಡಿನ ಬಗ್ಗೆ ಮಾತಾಡುವವರು ಕಡಿಮೆ. ಹಾಡಿದವರ ಬಡತನದ ಬಗ್ಗೆ ಮಾತು, ತೀರ್ಪುಗಾರರ ರೋಮಾಂಚನದ ಬಗ್ಗೆ ಮಾತು.

ಮೂರು ಸಲ

ಮಾವ ಹೇಳಿದ “ಮೂರು ಸಲ” ಉತ್ಪ್ರೇಕ್ಷೆ ಇರಬೇಕೆಂದುಕೊಂಡಿದ್ದೆ. ಗಮನವಿಟ್ಟು ನೋಡಿದರೆ ಅವರು ಕಡಿಮೆಯೇ ಹೇಳಿದ್ದಾರೆ. ವಾರವಿಡೀ ಪ್ರೋಮೋದಲ್ಲಿ ಅಳು. ಶನಿವಾರ ಕಾರ್ಯಕ್ರಮದ ಆರಂಭದಲ್ಲಿ “ಇಂದಿನ ಸಂಚಿಕೆಯಲ್ಲಿ” ಎಂದು ಅಳು. ಬಿಡುವಿನ ಮೊದಲು ಅಳುವ ಸೂಚನೆ, ಬಿಡುವಿನ ನಂತರ ಅದೇ ಸೂಚನೆ ಇನ್ನೊಮ್ಮೆ. ಕೊನೆಗೆ ನಿಜವಾದ ಅಳು ಬಂದಾಗ ಅದು ನಿಧಾನಗತಿಯಲ್ಲಿ, ಪಿಟೀಲಿನ ಸಮೇತ, ಮೂರು ಕೋನಗಳಿಂದ, ನಡುನಡುವೆ ತೀರ್ಪುಗಾರರ ಒದ್ದೆ ಕಣ್ಣುಗಳೊಂದಿಗೆ.

ಇದಕ್ಕೆ ಕಾರಣ ಕೇವಲ ಅಭಿರುಚಿಯ ಕೊರತೆಯಲ್ಲ, ಲೆಕ್ಕಾಚಾರವೂ ಇದೆ. ನಿಯಮದ ಪ್ರಕಾರ ಗಂಟೆಯೊಂದಕ್ಕೆ 12 ನಿಮಿಷ ಜಾಹೀರಾತು ಹಾಕಬಹುದು: ಹತ್ತು ನಿಮಿಷ ಮಾರಾಟದ್ದು, ಎರಡು ನಿಮಿಷ ವಾಹಿನಿಯ ಸ್ವಂತ ಪ್ರಚಾರದ್ದು. ಆ ಬಿಡುವುಗಳಲ್ಲಿ ಜನ ಬೇರೆ ವಾಹಿನಿಗೆ ಹಾರುತ್ತಾರೆ, ಬೇರೆ ಕಡೆಯಿಂದ ಇಲ್ಲಿಗೂ ಹಾರಿ ಬರುತ್ತಾರೆ. ಹಾರುವವರನ್ನು ಹಿಡಿದಿಡಲು ಮುಂದಿನ ಆಮಿಷ, ಬಂದವರಿಗೆ ಹಿಂದಿನ ಸಾರಾಂಶ. ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆಯವರು ಆಯ್ದ ಮನೆಗಳಲ್ಲಿ ಇಟ್ಟಿರುವ ಮೀಟರುಗಳು ಯಾವ ವಾಹಿನಿ ಎಷ್ಟು ನಿಮಿಷ ಓಡಿತೆಂದು ಬರೆದುಕೊಳ್ಳುತ್ತವೆ, ವಾರಕ್ಕೊಮ್ಮೆ ಅಂಕಿ ಹೊರಗೆ ಬರುತ್ತದೆ, ಅದರ ಮೇಲೆ ಜಾಹೀರಾತಿನ ದರ ನಿಲ್ಲುತ್ತದೆ. ಮೀಟರಿಗೆ ಟಿವಿ ಓಡುತ್ತಿರುವುದು ತಿಳಿಯುತ್ತದೆ. ಜಗಲಿಯಲ್ಲಿ ಏನು ಮಾತು ನಡೆಯುತ್ತಿದೆ ಎಂಬುದು ತಿಳಿಯುವುದಿಲ್ಲ. ನಮ್ಮ ಆಯಿ ತೀರ್ಪುಗಾರರಿಗಿಂತ ಮುಂಚೆ ತೀರ್ಪು ಕೊಟ್ಟದ್ದಕ್ಕೆ ಯಾವ ಅಂಕವೂ ಬೀಳುವುದಿಲ್ಲ. ನಾನು ಎಣಿಸುವ ಮೊದಲ ಪರೀಕ್ಷೆಯನ್ನೇ ವಾಹಿನಿಗಳೂ ಪಾಸು ಮಾಡುತ್ತಿವೆ ಎನ್ನಬಹುದು. ಆಗಷ್ಟೇ ಬಂದವರಿಗೆ ಎಲ್ಲವನ್ನೂ ಹೇಳುವ ಭರದಲ್ಲಿ ಮೊದಲಿನಿಂದ ಕೂತವರನ್ನು ಅಂಗಳಕ್ಕೆ ಅಟ್ಟುತ್ತವೆ.

ವೀಕೆಂಡ್ ವಿತ್ ರಮೇಶ್ ಇದರಲ್ಲಿ ಸ್ವಲ್ಪ ಮೇಲು ಎಂದು ನನ್ನ ಅಭಿಪ್ರಾಯ. ಕೆಂಪು ಕುರ್ಚಿಯ ಮೇಲೆ ಕೂತವರ ಬದುಕು ನಮಗೆ ಪ್ರಸಂಗದಂತೆ ಮೊದಲೇ ಗೊತ್ತು: ಕಷ್ಟ, ಅವಕಾಶ, ಗೆಲುವು. ಹೊಸದು ಬರುವುದು ಬಾಗಿಲಿನಿಂದ ಒಳಗೆ ಬರುವವರಿಂದ. ಸಿನಿಮಾದ ಗೆಳೆಯರು ಬಂದಾಗ ಮಾತು ಹೊಗಳಿಕೆಗೆ ತಿರುಗಿ ಜಗಲಿಯಲ್ಲಿ ಮೊಬೈಲುಗಳು ಹೊರಬರುತ್ತವೆ. ಆದರೆ ಹಳ್ಳಿಯ ಶಾಲೆಯ ಮೇಷ್ಟರು, ಹಾಸ್ಟೆಲಿನ ಅಡುಗೆಯವರು ಬಂದಾಗ? ಅವರಿಗೆ ಕ್ಯಾಮೆರಾ ಎಲ್ಲಿದೆ ಎಂದು ಗೊತ್ತಿರುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂದೂ ಗೊತ್ತಿರುವುದಿಲ್ಲ. ಹೇಳಬಾರದ ಏನನ್ನೋ ಹೇಳಿಬಿಡಬಹುದು ಎಂಬ ಸಣ್ಣ ಭಯ ಅತಿಥಿಯ ಮುಖದಲ್ಲಿ ಹಾದು ಹೋಗುತ್ತದೆ. ಆಗ ನಮ್ಮ ಜಗಲಿಯಲ್ಲಿ ಎಲ್ಲರ ತಲೆ ಮೇಲೇಳುತ್ತದೆ.

ಸೀರೆ ಉಟ್ಟರೆ ನಗಬೇಕೆ?

ಹಾಸ್ಯದ ಶೋಗಳ ಬಗ್ಗೆ ನನ್ನ ತಕರಾರು ಬೇರೆಯದು. ಗಂಡಸು ಸೀರೆ ಉಟ್ಟು, ಎದೆಗೆ ಏನನ್ನೋ ತುಂಬಿಕೊಂಡು ಬಳುಕುತ್ತ ಬಂದರೆ ಅಲ್ಲಿ ನಗುವಿನ ಅಲೆ ಏಳುತ್ತದೆ. ಇನ್ನೂ ಮಾತಾಡಿಲ್ಲ, ಸೀರೆಯೇ ಹಾಸ್ಯ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಎಲ್ಲಿಂದ ನಗು ತರಬೇಕು? ಗಂಡಸು ದ್ರೌಪದಿಯಾಗಿ, ದಮಯಂತಿಯಾಗಿ ರಂಗಕ್ಕೆ ಬಂದರೆ ಕರಾವಳಿಯ ಯಾವ ಬಯಲಿನಲ್ಲೂ ಜನ ನಗುವುದಿಲ್ಲ; ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂಡಿದ್ದೇನೆ. ನಗಿಸುವುದಕ್ಕೆ ಅಲ್ಲಿ ಹಾಸ್ಯಗಾರ ಬೇರೆ ಇದ್ದಾನೆ. ದೂತನಾಗಿ, ಬ್ರಾಹ್ಮಣನಾಗಿ, ಅಂಬಿಗನಾಗಿ ಬರುವ ಅವನು ಅರಮನೆಯ ಭಾರದ ಭಾಷೆಯ ನಡುವೆ ನಮ್ಮ ಪೇಟೆಯ ಮಾತನ್ನು ತರುತ್ತಾನೆ, ಆ ವರ್ಷ ಹಾಳಾದ ರಸ್ತೆಯನ್ನೂ ತರುತ್ತಾನೆ. ಅದಕ್ಕೆ ಬೇಕಾದದ್ದು ಸಮಯಸ್ಫೂರ್ತಿ. ಸೀರೆಗೆ ಅದು ಬೇಡ.

(ಭಾಷೆಯ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಈ ಶೋಗಳಲ್ಲಿ ಮಂಗಳೂರಿನವನು ಹೀಗೆ, ಧಾರವಾಡದವನು ಹೀಗೆ ಎಂಬ ಅಚ್ಚುಗಳಿವೆ. ಉತ್ತರ ಕನ್ನಡ ಎಂದರೆ ಉತ್ತರ ಕರ್ನಾಟಕ ಎಂದುಕೊಂಡು ಕಾರವಾರದವನ ಬಾಯಲ್ಲಿ ಜೋಳದ ರೊಟ್ಟಿ ತುರುಕಿದವರೂ ಇದ್ದಾರೆ. ಕಾರವಾರದ ನನ್ನ ಗೆಳತಿಯ ಮನೆಯಲ್ಲಿ ಕೊಂಕಣಿ ಮಾತಾಡುತ್ತ ಮರಾಠಿ ವಾಹಿನಿ ನೋಡುತ್ತಾರೆ. ಮರಾಠಿಯವರು ನಾಟಕವನ್ನು ನಾಟಕದಂತೆ ಬರೆಯುತ್ತಾರೆ ಎಂಬುದು ಅವಳ ವಾದ. ನಾನು ಒಪ್ಪಿಲ್ಲ, ಆದರೆ ಎದುರು ವಾದಕ್ಕೆ ಉದಾಹರಣೆ ಹುಡುಕುತ್ತಿದ್ದೇನೆ.)

ಮಕ್ಕಳ ಶೋಗಳ ಬಗ್ಗೆ ಹೆಚ್ಚು ಹೇಳಲಾರೆ. ಮಗು ಮಗುವಾಗಿ ಅಭಿನಯಿಸಿದಾಗ ಅದಕ್ಕಿಂತ ಚೆಂದ ಬೇರೆ ಇಲ್ಲ. ಎಂಟು ವರ್ಷದ ಮಗು ಗಂಡ ಹೆಂಡಿರ ಜಗಳದ ಜೋಕು ಹೇಳಿದಾಗ ನಮ್ಮ ಅತ್ತೆ ಟಿವಿಯ ಸದ್ದು ತಗ್ಗಿಸುತ್ತಾರೆ.

ಮಳೆಯ ಪರೀಕ್ಷೆ

ಉತ್ತರ ಕನ್ನಡದವರಿಗೆ ಮಾತ್ರ ಸಿಗುವ ಒಂದು ಸೌಲಭ್ಯವಿದೆ. ಕಾರವಾರದ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮನೆಯ ಮಾಡಿನ ಮೇಲಿನ ಸಣ್ಣ ತಟ್ಟೆಗೆ ಉಪಗ್ರಹದಿಂದ ಬರುವ ಅಲೆಗಳು 12 ಗಿಗಾಹರ್ಟ್ಸ್ ಆಸುಪಾಸಿನವು, ಉದ್ದ ಎರಡೂವರೆ ಸೆಂಟಿಮೀಟರು. ಇಷ್ಟು ಗಿಡ್ಡ ಅಲೆಗಳನ್ನು ದಪ್ಪ ಹನಿಯ ಮಳೆ ಹೀರಿ ಚೆದುರಿಸಿಬಿಡುತ್ತದೆ. ಮೊದಲು ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ನೀಲಿ ಪರದೆ, ಸಿಗ್ನಲ್ ಇಲ್ಲ. ಹಿಂದಿನ ಕಾಲದ ಆಳೆತ್ತರದ ಜಾಲರಿ ಡಿಶ್‌ಗಳು ಉದ್ದ ಅಲೆಗಳ ಮೇಲೆ ನಡೆಯುತ್ತಿದ್ದುದರಿಂದ ಅವುಗಳಿಗೆ ಈ ಬಾಧೆ ಇಷ್ಟಿರಲಿಲ್ಲ.

ಹಾಗೆ ಚಿತ್ರ ಹೋದ ಮೇಲೆ ಜಗಲಿಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಬೇಕು. ಹಾಸ್ಯದ ಶೋ ಹೋದರೆ ಯಾರೂ ಕೇಳುವುದಿಲ್ಲ, ಊಟಕ್ಕೆ ಎಲೆ ಹಾಕಿ ಎನ್ನುತ್ತಾರೆ. ಅಳುವಿನ ನಡುವೆ ಹೋದರೂ ಅಷ್ಟೇ, ಪ್ರೋಮೋದಲ್ಲಿ ನೋಡಿಯಾಗಿದೆ. ಹಾಡಿನ ನಡುವೆ ಹೋದರೆ ಯಾರಾದರೂ ಉಳಿದ ಚರಣವನ್ನು ಗುನುಗುತ್ತಾರೆ. ಒಮ್ಮೆ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮ ನೋಡುತ್ತಿದ್ದಾಗ, ಪ್ರಶ್ನೆ ಕೇಳಿ ಉತ್ತರ ಬರುವ ಮೊದಲೇ ಪರದೆ ನೀಲಿಯಾಯಿತು. ಅದು ವಾರದ ನಡುವಿನ ಕಾರ್ಯಕ್ರಮ. 2002ರಿಂದ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದಿರುವುದು, ಗೆದ್ದವರಿಗೆ ಪುಸ್ತಕವೇ ಬಹುಮಾನ. ಅಂದು ರಜೆಯಿದ್ದುದರಿಂದ ಮನೆ ತುಂಬಾ ಜನರಿದ್ದರು. ಹಳಗನ್ನಡದ ಒಂದು ಸಾಲು ಕೊಟ್ಟು ಯಾರದ್ದೆಂದು ಕೇಳಿದ್ದರು. ಮಾವ ರನ್ನ ಎಂದರು, ಮೈದುನ ಪಂಪ ಎಂದ. ಮಳೆ ಬಿಡಲಿಲ್ಲ, ಜಗಳವೂ ಬಿಡಲಿಲ್ಲ. ಅಟ್ಟದಿಂದ ಹಳೆಯ ಪುಸ್ತಕಗಳು ಇಳಿದು ಬಂದವು, ಗೆದ್ದಲು ಹತ್ತಿದ್ದು ಗೊತ್ತಾಯಿತು, ಅತ್ತೆಗೆ ಕೋಪ ಬಂತು. ಒಂದು ಸಾಧಾರಣ ಸೆಟ್ಟು, ಮೂವರು ಸ್ಪರ್ಧಿಗಳು, ಕುಣಿಯುವ ದೀಪಗಳಿಲ್ಲ. ಇಂಥದ್ದನ್ನು ಶನಿವಾರ ರಾತ್ರಿಗೆ ಯಾವ ವಾಹಿನಿಯೂ ಯಾಕೆ ಇಡುವುದಿಲ್ಲ ಎಂಬುದು ನನಗೆ ತಿಳಿಯದ್ದೇನಲ್ಲ. ಪುಸ್ತಕಕ್ಕೆ ಪ್ರಾಯೋಜಕರು ಸಿಗುವುದಿಲ್ಲ.

ಭಾನುವಾರ ಬೇರೆ

ಶನಿವಾರವನ್ನೂ ಭಾನುವಾರವನ್ನೂ ವಾಹಿನಿಗಳು ಒಂದೇ ಎಂದು ತಿಳಿದಿವೆ. ನಮ್ಮ ಕಡೆ ಅವೆರಡು ಬೇರೆ ಬೇರೆ. ಭಾನುವಾರ ಸಂಜೆಯ ಹೊತ್ತಿಗೆ ಉಪ್ಪಿನಕಾಯಿ ಭರಣಿ, ತೆಂಗಿನಕಾಯಿ, ಬಾಳೆಗೊನೆ ಕಟ್ಟಿಸಿಕೊಂಡು ಎಲ್ಲರೂ ಬಸ್ಸು ಹತ್ತಿರುತ್ತಾರೆ. ಒಂಬತ್ತಕ್ಕೆ ಅದೇ ಶೋ ಅದೇ ಗದ್ದಲದೊಂದಿಗೆ ಬಂದಾಗ ಎದುರಿಗೆ ಇಬ್ಬರು ಮೂವರು ಇರುತ್ತಾರೆ. ಕಿರುಚುವವರ ಜೊತೆಗೆ ಕಿರುಚಲು ಮನೆಯಲ್ಲಿ ಜನರಿಲ್ಲ. ಆ ಹೊತ್ತಿಗೆ ಬೇಕಾದದ್ದು ಒಬ್ಬರ ಎದುರು ಒಬ್ಬರು ಕೂತು, ಅವಸರವಿಲ್ಲದೆ, ತಮಗೆ ಚೆನ್ನಾಗಿ ಗೊತ್ತಿರುವ ಕೆಲಸದ ಬಗ್ಗೆ ಮಾತಾಡುವ ಕಾರ್ಯಕ್ರಮ. ಕಾರವಾರದ ಬೈತಖೋಲದ ಮೀನುಗಾರರು ಗಾಳಿಯನ್ನು ಹೇಗೆ ಓದುತ್ತಾರೆ, ಬಡಗುತಿಟ್ಟು ಯಕ್ಷಗಾನದಲ್ಲಿ ತಲೆಗೆ ಕೇದಗೆ ಮುಂದಲೆ ಕಟ್ಟುವುದು ಹೇಗೆ, ಇಂಥವು. ಹೊನ್ನಾವರದ ಮಣ್ಣಿನ ಶಂಕರ್ ನಾಗ್ ಎಂಬತ್ತರ ದಶಕದಲ್ಲಿ ದೂರದರ್ಶನಕ್ಕೆ ಮಾಲ್ಗುಡಿ ಡೇಸ್ ಮಾಡಿದಾಗ ಒಂದು ಕಂತು ಅರ್ಧ ಗಂಟೆಯನ್ನೂ ಮೀರುತ್ತಿರಲಿಲ್ಲ, ಆಗುಂಬೆಯ ಬೀದಿಯಲ್ಲಿ ದೊಡ್ಡದೇನೂ ನಡೆಯುತ್ತಲೂ ಇರಲಿಲ್ಲ. ಹಿಂದಿ ಅಷ್ಟಾಗಿ ಬಾರದ ನಮ್ಮ ಆಯಿಗೂ ಅದು ಸಾಕಾಗುತ್ತಿತ್ತು.

ಈಚೆಗೆ ಜಗಲಿಯಲ್ಲಿ ಹೊಸದೊಂದು ಶುರುವಾಗಿದೆ. ಮೈದುನ ಮೊಬೈಲನ್ನು ಟಿವಿಗೆ ಜೋಡಿಸಿ ಯೂಟ್ಯೂಬಿನಲ್ಲಿ ಯಕ್ಷಗಾನದ ನೇರಪ್ರಸಾರ ಹಾಕುತ್ತಾನೆ. ಒಂದೇ ಕ್ಯಾಮೆರಾ, ಮುಂದಿನ ಸಾಲಿನಲ್ಲಿ ಕೂತವರ ತಲೆಗಳು, ಚಂಡೆ ಜೋರಾದರೆ ಧ್ವನಿ ಹರಿದುಹೋಗುತ್ತದೆ. ಮಾವ ಅಂಗಳಕ್ಕೆ ಇಳಿಯುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕವನ್ನು ಕಣ್ಣಾರೆ ಕಂಡವರು, ಈಗಿನ ಕೀಚಕನ ಒಂದೊಂದು ಹೆಜ್ಜೆಗೂ ಅವರಲ್ಲಿ ಟಿಪ್ಪಣಿಯಿದೆ. ಆದರೆ ಇದು ನನ್ನ ಮೊದಲ ಪರೀಕ್ಷೆಯಲ್ಲಿ ನಪಾಸು. ಮಂಡ್ಯ ಸೀಮೆಯ ಓರಗಿತ್ತಿಗೆ ಅರ್ಧ ಗಂಟೆಯೊಳಗೆ ಆಕಳಿಕೆ ಬರುತ್ತದೆ, ಅದಕ್ಕೆ ಅವಳನ್ನು ದೂರುವಂತಿಲ್ಲ. ಅವಳ ಮಗಳು ಮಾತ್ರ ಅಜ್ಜಿಯ ಪಕ್ಕ ಕೂತು ಕಾಟ ಕೊಡುತ್ತಾಳೆ.

“ಅಜ್ಜಿ, ಇವನು ಯಾರು?”

“ಕೀಚಕ. ಭೀಮ ಇವನನ್ನು ಕೊಲ್ಲುತ್ತಾನೆ.”

“ಅಯ್ಯೋ, ಹೇಳಿಬಿಟ್ಟೆಯಲ್ಲ!”

“ಕೊಲ್ಲುತ್ತಾನೆ, ಆದರೆ ಈಗಲೇ ಅಲ್ಲ. ಹೋಗು, ಊಟ ಮಾಡಿಕೊಂಡು ಬಾ.”